ಆರು ಎಂಎಂ ಬಿಟ್, ಮೂರು ಮೆಟ್ಟಿಲು

ಅಮ್ಮನನ್ನು ಎತ್ತಿಕೊಂಡು ರೇಷ್ಮೆ ಹುಳು ಮನೆಯ ಬಾಗಿಲವರೆಗೆ ಹೋದ ಪ್ರತಿ ಸಲಕ್ಕೂ ಡೈರಿಯ ಕೊನೆಯ ಪುಟದಲ್ಲಿ ಒಂದು ಗೀಟು ಹಾಕಿದ್ದೇನೆ. ನಾಲ್ಕು ಉದ್ದ, ಐದನೆಯದು ಅಡ್ಡ. ಒಟ್ಟು ಹನ್ನೊಂದು. ಹನ್ನೊಂದನೆಯ ಸಲ ಅವಳು ಎರಡನೇ ಮೆಟ್ಟಿಲಲ್ಲೇ ‘ಇಳ್ಸು’ ಅಂದಳು. ಇಳಿಸಿದೆ.

‘ಮೂಟೆ ಎತ್ತಿದಂಗೆ ಎತ್ತಬೇಡ ಕಣೇ. ನಾನೇ ಹತ್ತೋ ಹಂಗಾದಾಗ ಹತ್ತೀನಿ. ಇಲ್ದಿದ್ರೆ ಆಚೆನೇ ಕೂತಿರ್ತೀನಿ.’

ಆಮೇಲೆ ಗೀಟು ಹಾಕುವ ಪ್ರಸಂಗ ಬರಲಿಲ್ಲ.

ನಮ್ಮದು ದಿಬ್ಬೂರಹಳ್ಳಿ ಕಡೆಯ ಊರು. ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಮನೆ ಬೇರೆಯಾಗಿದೆ. ಇರುವೆ ಹತ್ತಬಾರದು ಅಂತ ಸುತ್ತಲೂ ನೀರಿನ ಕಾಲುವೆ, ನೆಲ ಎತ್ತರ, ಬಾಗಿಲಿಗೆ ಮೂರು ಕಾಂಕ್ರೀಟ್ ಮೆಟ್ಟಿಲು. ಹೋದ ಅಕ್ಟೋಬರಿನಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹತ್ತುವಾಗ ಅಮ್ಮ ಅಲ್ಲೇ ಬಿದ್ದಳು. ತೊಡೆಯ ಮೂಳೆ ಮುರಿಯಿತು, ಒಳಗೆ ರಾಡ್ ಹಾಕಿದರು. ಈಗ ವಾಕರ್ ಹಿಡಿದು ಅಂಗಳದಲ್ಲಿ ಓಡಾಡುತ್ತಾಳೆ. ವಾಕರ್ ಮೆಟ್ಟಿಲು ಹತ್ತುವುದಿಲ್ಲ.

ಅವಳು ಆಚೆ ಕೂತ ಮೇಲೆ ಎರಡು ಬೆಳೆ ತೆಗೆದೆವು. ಬೆಳಿಗ್ಗೆ ಸಂಜೆ ನಾನು, ನಡುವೆ ಪಕ್ಕದ ಮನೆಯ ಚಿಕ್ಕಮ್ಮ. ಮೊದಲನೆಯದು ಹೇಗೋ ಆಯಿತು. ಎರಡನೆಯದರಲ್ಲಿ, ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದು ಸೊಪ್ಪು ಮೇಯಲು ಶುರು ಮಾಡಿದ ಮಾರನೆಯ ದಿನ, ಬಾಗಿಲಾಚೆ ಕುರ್ಚಿ ಹಾಕಿ ಕೂತಿದ್ದ ಅಮ್ಮ ಅಂದಳು: ‘ತಿನ್ನೋ ಸದ್ದು ಕಮ್ಮಿ ಆಗೈತೆ. ಹುಳದ ಮೈ ನೋಡ್ರಿ ಒಂದ್ಸಲ.’ ನಾನು ನೋಡಿದೆ, ಚಿಕ್ಕಮ್ಮ ನೋಡಿದರು. ನಮಗೆ ಏನೂ ಕಾಣಲಿಲ್ಲ. ಮೂರು ದಿನಕ್ಕೆ ಹುಳು ಊದಿಕೊಂಡು ಮೈಯಿಂದ ಹಾಲಿನಂಥದ್ದು ಸೋರತೊಡಗಿತು. ಹಾಲುತೊಂಡೆ ರೋಗ. ಸ್ಟ್ಯಾಂಡುಗಳ ಹದಿನಾಲ್ಕು ಅಂಕಣದಲ್ಲಿ ಒಂಬತ್ತು ಅಂಕಣದ ಹುಳು ಸುಣ್ಣದ ಗುಂಡಿಗೆ ಹೋಯಿತು. ಅಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮೇ ಕೊನೆಯಲ್ಲಿ ಡಾಕ್ಟರ್ ಎಕ್ಸ್‌ರೇ ಫಿಲಂ ನೋಡಿ, ಕೈಗೆ ಗಟ್ಟಿ ಆಸರೆ ಇದ್ದರೆ ಮೂರು ಮೆಟ್ಟಿಲು ಹತ್ತಬಹುದು ಅಂದರು. ಅದೇ ಉಸಿರಿನಲ್ಲಿ, ಆ ಆಸರೆ ಕಿತ್ತು ಬಂದು ಇನ್ನೊಂದು ಸಲ ಬಿದ್ದರೆ ನಡೆಯುವ ಮಾತೇ ಬಿಟ್ಟುಬಿಡಿ ಅಂತಲೂ ಅಂದರು. ಅಮ್ಮನ ಕಿವಿಗೆ ಮೊದಲನೆಯದು ಮಾತ್ರ ಬಿತ್ತು. ಮುಂದಿನ ಚಾಕಿ ಹುಳು, ಅಂದರೆ ಬೇರೆಡೆ ಸಾಕಿ ಕೊಡುವ ಎಳೆ ಹುಳು, ಬರುವುದು ಜೂನ್ ಇಪ್ಪತ್ತಾರು, ಗುರುವಾರ ಅಂತ ಹೇಳಿಸಿಕೊಂಡಿದ್ದೆವು. ಅಷ್ಟರೊಳಗೆ ಮೆಟ್ಟಿಲ ಪಕ್ಕ ಹಿಡಿದು ಹತ್ತುವ ಕಂಬಿ ನಿಲ್ಲಬೇಕು. ಹುಳು ಒಳಗೆ ಬಂದ ಮೇಲೆ ಆ ಗೋಡೆ ಮೆಟ್ಟಿಲಿಗೆ ಸುತ್ತಿಗೆ ಕೂಡ ತಾಕಿಸುವಂತಿಲ್ಲ. ಅದುರಿಗೂ ಧೂಳಿಗೂ ಹುಳು ತಾಳುವುದಿಲ್ಲ.

ಜೂನ್ ಏಳು, ಶನಿವಾರ. ಶಿಡ್ಲಘಟ್ಟದ ವೆಲ್ಡಿಂಗ್ ಅಂಗಡಿಯಲ್ಲಿ ಕಂಬಿ ಸಿದ್ಧವಾಗಿತ್ತು. ಓರೆಯಾದ ಒಂದು ಕೈಹಿಡಿ, ಎರಡು ಕಾಲು, ಪ್ರತಿ ಕಾಲಿನ ಬುಡದಲ್ಲಿ ಒಂದು ತಗಡು, ಪ್ರತಿ ತಗಡಿನಲ್ಲಿ ನಾಲ್ಕು ತೂತು. ಕೆಳಗಿನ ಕಾಲು ಮೆಟ್ಟಿಲ ಬುಡದ ಕಾಂಕ್ರೀಟಿಗೆ, ಮೇಲಿನದು ಬಾಗಿಲ ಮುಂದಿನ ಕಟ್ಟೆಗೆ. ವೆಲ್ಡಿಂಗ್‌ನವರು ಬೆಂಗಳೂರಿನ ಯಾವುದೋ ಕಟ್ಟಡದ ಕೆಲಸದಲ್ಲಿ ಉಳಿದಿದ್ದ ಸ್ಕ್ರೂಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ಹತ್ತು ಇದ್ದವು.

‘ಎಂಟು ಸಾಕು, ಎರಡು ಜಾಸ್ತಿ ಇಟ್ಟಿದೀನಿ. ಇದಕ್ಕೆ ಪ್ಲಗ್ ಬೇಡಮ್ಮ. ತೂತು ಹೊಡ್ದು ತಿರುಗಿಸಿದ್ರೆ ಕಾಂಕ್ರೀಟಲ್ಲೇ ಹಲ್ಲು ಕೊರ್ಕೊಂಡು ಹೋಗ್ತದೆ. ಆಮೇಲೆ ಎತ್ತು ಕಟ್ಟಿ ಎಳುದ್ರೂ ಬರಲ್ಲ.’

‘ಡ್ರಿಲ್ಲಿಗೆ ಎಷ್ಟರ ಬಿಟ್ ಹಾಕ್ಬೇಕು?’

‘ಆರೋ, ಎಂಟೋ. ಅಂಗಡಿಯೋರಿಗೆ ತೋರ್ಸು.’

ಡಬ್ಬಿ ಇದ್ದಿದ್ದರೆ ಅದರ ಮೇಲೆ ಬರೆದಿರುತ್ತಿತ್ತು. ಡಬ್ಬಿ ಇರಲಿಲ್ಲ.

ಅದೇ ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ತೋರಿಸಿದೆ. ಅವರು ಸ್ಕ್ರೂವನ್ನು ಅಂಗೈಯಲ್ಲಿ ಒಮ್ಮೆ ಹೊರಳಿಸಿ ‘ಎಂಟು’ ಅಂದರು. ನಮ್ಮ ಕಡೆ ಗೋಡೆಗೆ ಏನೇ ಹಾಕಿದರೂ ಮೊದಲು ತೂತಿಗೆ ಪ್ಲಾಸ್ಟಿಕ್ ಪ್ಲಗ್ ತುರುಕುತ್ತೇವೆ. ಪ್ಲಗ್ ಎಂಟಾದರೆ ಬಿಟ್ಟೂ ಎಂಟು. ಪ್ಲಗ್ ಇಲ್ಲ ಅಂದೆ. ‘ಹಂಗಾದ್ರೆ ಹಿಡಿಯೋದೆಂಗೆ?’ ಅಂದರು. ಕೊಳ್ಳದೆ ಬಂದೆ.

ಜೂನ್ ಎಂಟು, ಭಾನುವಾರ. ಮಾವನ ಊರು ಕೆಂಚಾರ್ಲಹಳ್ಳಿ. ಮಾವ ಅಂದರೆ ಅಮ್ಮನ ತಮ್ಮ. ಬೇಸಾಯದ ಜೊತೆಗೆ ಮನೆಗಳ ವೈರಿಂಗ್ ಮಾಡುತ್ತಾರೆ, ಡ್ರಿಲ್ ಮಿಷನ್ ಇದೆ. ಯಾವ ಬಿಟ್ ಅದರ ಬಾಯಿಗೆ ಕೂರುತ್ತದೆ ಅಂತ ನೋಡಿಕೊಂಡು ಬರಲು ಎರಡು ಬಸ್ಸು ಬದಲಾಯಿಸಿ ಹೋದೆ. ಫೋನಿನಲ್ಲಿ ಫೋಟೊ ಕಳಿಸಿ ಅಂದಿದ್ದಕ್ಕೆ ಅವರು ಮಿಷನ್ನಿನ ಪಕ್ಕದಲ್ಲಿ ತಾವೇ ನಿಂತುಕೊಂಡ ಫೋಟೊ ಕಳಿಸಿದ್ದರು. ಬಿಟ್ಟಿನ ಹಿಂಭಾಗದಲ್ಲಿ ಗಾಡಿ, ಅಂದರೆ ಉದ್ದಕ್ಕೆ ಕೊರೆದ ಗೀರು, ಇರುವ ಜಾತಿಯದೇ ಬೇಕು, ನುಣ್ಣಗೆ ದುಂಡಗಿರುವುದು ಕೂರುವುದಿಲ್ಲ ಅಂತ ಗೊತ್ತಾಯಿತು. ಬರೆದುಕೊಂಡೆ. ವಾಪಸು ಬರುವಾಗ ಚಿಂತಾಮಣಿಯ ಅಂಗಡಿಯಲ್ಲಿ ಕೇಳಿದರೆ ಗಾಡಿಯದು ಹತ್ತರ ಮೇಲಿನದೇ ಇತ್ತು.

ಇಲ್ಲಿಗೆ ಅಂಗಡಿ ಎರಡು, ಬಸ್ಸು ಆರು, ಬಿಟ್ ಸೊನ್ನೆ.

ನಾನು ಕೆಲಸ ಮಾಡುವುದು ಚಿಕ್ಕಬಳ್ಳಾಪುರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ದಿನವೆಲ್ಲ ಸಣ್ಣ ಕೊಳವೆಗಳ ಮೇಲೆ ಅಂಕಿ ಬರೆದು ಅಂಟಿಸುವುದು. ಸೋಮವಾರ ಊಟದ ಬಿಡುವಿನಲ್ಲಿ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಗಲ್ಲಾದಲ್ಲಿ ವಯಸ್ಸಾದ ಸಾಬರು ಕೂತಿದ್ದರು. ಏನು ಬೇಕು ಅಂತ ಕೇಳುವ ಮೊದಲು ಕೂರಲು ಸ್ಟೂಲ್ ತೋರಿಸಿದರು. ನನ್ನ ಮುಖ ಹಾಗಿತ್ತೇನೋ.

ಸ್ಕ್ರೂ ಕೊಟ್ಟೆ. ಅವರು ಎಂಟರ ಬಿಟ್ಟೊಂದು, ಆರರದೊಂದು ತೆಗೆದು ಬಾಗಿಲ ಬೆಳಕಿಗೆ ಬಂದರು. ಸ್ಕ್ರೂ ಹಿಂದೆ, ಎಂಟರ ಬಿಟ್ ಮುಂದೆ ಹಿಡಿದು ನನ್ನ ಕಣ್ಣೆದುರು ತಂದರು.

‘ಸ್ಕ್ರೂ ಕಾಣ್ತದಾ ಬೇಟಿ?’

‘ಇಲ್ಲ. ಪೂರಾ ಮುಚ್ಚೋಯ್ತು.’

‘ಹಲ್ಲೂ ಮುಚ್ಚೋಯ್ತಲ್ಲ, ಕಚ್ಚೋದು ಎಲ್ಲಿ? ಈಗ ಇದು ನೋಡು.’ ಆರನ್ನು ಹಿಡಿದರು. ಸ್ಕ್ರೂವಿನ ನಡುವಿನ ಕಡ್ಡಿ ಬಿಟ್ಟಿನ ಹಿಂದೆ ಮರೆಯಾಯಿತು. ಎರಡೂ ಪಕ್ಕ ಹಲ್ಲು ಮಾತ್ರ ಸಣ್ಣಗೆ ಹೊರಗೆ ಕಂಡಿತು. ‘ಕಡ್ಡಿ ಕಾಣಬಾರ್ದು, ಹಲ್ಲು ಕಾಣಬೇಕು. ಅಷ್ಟೇ ಲೆಕ್ಕ.’

ಎರಡು ದಿನ ನಾನು ತಿರುಗಿದ್ದು ಇಷ್ಟಕ್ಕೆ. ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಂಡೆ: ಆರರ ಬಿಟ್. ತೂತು ಸ್ಕ್ರೂಗಿಂತ ಒಂದು ಬೆರಳಗಲ ಆಳ ಇರಬೇಕು. ನೇರ ಹಿಡಿಯಬೇಕು. ತಿರುಗಿಸುವ ಮೊದಲು ಧೂಳು ತೆಗೆಯಬೇಕು. ಬಿಟ್ಟಿಗೆ ಆಳದ ಗುರುತಾಗಿ ಒಂದು ಸುತ್ತು ಇನ್ಸುಲೇಶನ್ ಟೇಪ್ ಅವರೇ ಸುತ್ತಿ ಕೊಟ್ಟರು.

ಜೂನ್ ಹದಿಮೂರು, ಶುಕ್ರವಾರ. ನಾನು ಲ್ಯಾಬಿಗೆ ರಜೆ ಹಾಕಿದೆ. ಚಿಕ್ಕಮ್ಮ ಮತ್ತು ನಾನು ಹುಳು ಮನೆಯನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆದು, ಹಳೆಯ ರೋಗ ಉಳಿಯದಿರಲಿ ಅಂತ ಸುಣ್ಣ ಹಾಕಿ, ಕಿಟಕಿ ಸಂದಿಗೆಲ್ಲ ಕಾಗದ ಅಂಟಿಸಿದೆವು. ಮೊದಲು ಕಂಬಿ ಹಾಕಿಸಿ ಆಮೇಲೆ ತೊಳೆಯಬೇಕಿತ್ತು. ಚಿಕ್ಕಮ್ಮನಿಗೆ ಬಿಡುವಿದ್ದದ್ದು ಅವತ್ತೇ, ಮಾವ ಬರುವುದು ಭಾನುವಾರ. ನನ್ನ ಪಟ್ಟಿಯಲ್ಲಿ ಇದು ಹಿಂದು ಮುಂದಾಗಿದೆ ಅಂತ ಗೊತ್ತಿದ್ದೂ ಬದಲಾಯಿಸುವ ಶಕ್ತಿ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಮಾವ ಬಂದರು. ಅಮ್ಮ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು.

‘ಧೂಳು ಒಳಗೆ ಹೋಗಂಗಿಲ್ಲ. ನಿನ್ನೆ ಮೊನ್ನೆ ತೊಳ್ದಿರೋ ಮನೆ ಅದು.’

‘ಬಾಗ್ಲು ಹಾಕೈತಲ್ಲಕ್ಕ.’

‘ಬಾಗ್ಲ ಸಂದಿ ಐತಲ್ಲ. ನೀರು ಹಾಕ್ಕೊಂಡು ಹೊಡಿ. ಕಲ್ಲು ಕೊಯ್ಯೋರು ಹಾಕಲ್ವಾ?’

ಮಾವನಿಗೂ ಸರಿ ಅನ್ನಿಸಿತು, ನನಗೂ ಸರಿ ಅನ್ನಿಸಿತು. ಕಣ್ಣಿಗೆ ಕಾಣದ ಧೂಳಿಗೆ ನಾವು ಹೆದರುವಷ್ಟು ಬೇರೆ ಯಾವುದಕ್ಕೂ ಹೆದರುವುದಿಲ್ಲ. ಹುಳು ಸಾಕುವವರ ಮನೆಯಲ್ಲಿ ಬೆಳೆದವರಿಗೆ ಅದು ರೂಢಿ. ನಾನು ಬರೆದುಕೊಂಡಿದ್ದ ‘ಧೂಳು ತೆಗೆಯಬೇಕು’ ಎಂಬುದಕ್ಕೂ ನೀರೇ ಉತ್ತರ ಅಂದುಕೊಂಡೆ. ನೀರು ಹಾಕಿದರೆ ತೊಳೆದುಹೋಗುತ್ತದಲ್ಲ. ಒದ್ದೆ ಗೋಣಿ ಹಾಸಿ, ಚೊಂಬಿನಿಂದ ಸಣ್ಣಗೆ ನೀರು ಬಿಡುತ್ತ ಹೋದೆ. ಕರೆಂಟ್ ಮಿಷನ್ನಿನ ಪಕ್ಕ ನೀರು ಬಿಡುವುದು ಬುದ್ಧಿವಂತಿಕೆಯಲ್ಲ. ಮಾವ ರಬ್ಬರ್ ಚಪ್ಪಲಿ ತೋರಿಸಿ ‘ಏಂ ಕಾದು’ ಅಂದರು. ಏನೂ ಆಗಲ್ಲ ಅನ್ನುವುದನ್ನು ಅವರು ತೆಲುಗಿನಲ್ಲಿ ಹೇಳಿದರೆ ನನಗೆ ಹೆದರಿಕೆ ಹೆಚ್ಚು.

ಮೇಲಿನ ಕಟ್ಟೆಯ ಮೊದಲ ತೂತು ಟೇಪಿನ ಗುರುತಿನವರೆಗೆ ಇಳಿಯಿತು. ಬೂದು ಬಣ್ಣದ ಕೆಸರು ಬಾಯಲ್ಲಿ ಉಕ್ಕಿ ನಿಂತಿತು. ಒರೆಸಿದೆ. ಸ್ಕ್ರೂ ಇಟ್ಟು ಮಾವ ಸ್ಪ್ಯಾನರ್ ತಿರುಗಿಸಿದರು. ಮುಕ್ಕಾಲು ಭಾಗ ಚೆನ್ನಾಗಿ ಹೋಯಿತು. ಆಮೇಲೆ ನಿಂತಿತು. ಮಾವ ಸ್ಪ್ಯಾನರಿನ ಹಿಡಿಗೆ ಪೈಪ್ ಸಿಕ್ಕಿಸಿ ಎಳೆದರು. ಟಕ್ ಅಂತ ಸದ್ದಾಯಿತು. ಸ್ಕ್ರೂವಿನ ತಲೆ ಕೈಗೆ ಬಂತು, ಮೈ ಒಳಗೆ ಉಳಿಯಿತು.

‘ತೂತು ಸಣ್ಣದಾಯ್ತು,’ ಅಂದರು ಮಾವ. ‘ನಿನ್ನ ಸಾಬರು ಬೆಳಕಲ್ಲಿ ನೋಡಿದ್ರು ಅಂದ್ಯಲ್ಲ, ಕತ್ಲಲ್ಲಿ ನೋಡಿರ್ಬೇಕು.’

ಅವರ ಡಬ್ಬದಲ್ಲಿ ಆರೂವರೆಯದು ಒಂದಿತ್ತು. ನಾನು ಬೇಡ ಅನ್ನಬೇಕಿತ್ತು. ಹಲ್ಲು ಕಾಣಬೇಕು, ಕಡ್ಡಿ ಕಾಣಬಾರದು ಎಂಬುದನ್ನು ನನ್ನ ಕಣ್ಣಾರೆ ನೋಡಿದ್ದೆ. ಆದರೆ ತಲೆ ಮುರಿದ ಸ್ಕ್ರೂ ಎದುರಿಗೇ ಇತ್ತು. ಅರ್ಧ ಎಂಎಂ ತಾನೇ ಅಂದುಕೊಂಡೆ.

ಎರಡನೇ ತೂತು ಆರೂವರೆಯಲ್ಲಿ, ಅದೇ ನೀರು, ಅದೇ ಗೋಣಿ. ಸ್ಕ್ರೂ ಸಲೀಸಾಗಿ ಇಳಿಯಿತು. ತಲೆ ತಗಡಿಗೆ ಕೂತ ಮೇಲೂ ತಿರುಗುತ್ತಲೇ ಇತ್ತು. ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಬೆರಳಲ್ಲಿ ಹಿಡಿದು ಎತ್ತಿದೆ, ಎದ್ದು ಬಂತು.

ನಾವಿಬ್ಬರೂ ಅಮ್ಮನ ಕಡೆ ನೋಡಲಿಲ್ಲ.

‘ಅಕ್ಕ, ಸಿಮೆಂಟ್ ಹಾಕಿ ಮುಚ್ಚಿ ಅದ್ರಲ್ಲೇ—’

‘ನುವ್ವು ಊರ್ಕೋ,’ ಅಂದಳು ಅಮ್ಮ. ತಮ್ಮನನ್ನು ಸುಮ್ಮನಿರಿಸಬೇಕಾದರೆ ಅವಳಿಗೆ ತವರಿನ ಭಾಷೆಯೇ ಬರುತ್ತದೆ. ‘ನಿಲ್ಸಿ ಇವತ್ತಿಗೆ. ಊಟ ಮಾಡ್ರಿ.’

ಊಟಕ್ಕೆ ಕೂತಾಗ ಅವಳು ಮುದ್ದೆಯನ್ನು ಅರ್ಧಕ್ಕೇ ಬಿಟ್ಟಳು. ಡೈರಿಯಲ್ಲಿ ಅವತ್ತು ಬರೆದದ್ದು: ತೂತು ಎರಡು, ಕೆಟ್ಟದ್ದು ಎರಡು. ಮುರಿದ ಸ್ಕ್ರೂ ಒಂದು, ಹಲ್ಲು ಸವೆದದ್ದು ಒಂದು, ಉಳಿದದ್ದು ಎಂಟು. ಬೇಕಾದದ್ದೂ ಎಂಟು. ಹುಳು ಬರಲು ಹನ್ನೊಂದು ದಿನ.

ಮಾರನೆಯ ದಿನ ಸ್ಕ್ರೂವಿನ ಮುರಿದ ತಲೆ ಮತ್ತು ಬಿಟ್ ಎರಡನ್ನೂ ಕಾಗದದಲ್ಲಿ ಸುತ್ತಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದೆ. ಜಗಳ ಮಾಡುವ ಮನಸ್ಸಿತ್ತು. ಬಸ್ಸಿನಲ್ಲಿ ನಿಂತೇ ಹೋದದ್ದರಿಂದ ಇಳಿಯುವ ಹೊತ್ತಿಗೆ ಜಗಳಕ್ಕೆ ಬೇಕಾದ ಉಸಿರು ಉಳಿದಿರಲಿಲ್ಲ. ಸಾಬರು ತಲೆಯನ್ನು ಪಕ್ಕಕ್ಕಿಟ್ಟು ಬಿಟ್ಟನ್ನು ನೋಡಿದರು. ಅದರ ಸುರುಳಿ ಗಾಡಿಯಲ್ಲಿ ಬೂದು ಕೆಸರು ಒಣಗಿ ಕಲ್ಲಾಗಿತ್ತು. ಉಗುರಿನಿಂದ ಕೆರೆದರು, ಬರಲಿಲ್ಲ.

‘ನೀರು ಹಾಕಿದ್ರಾ?’

‘ಧೂಳು ಹಾರುತ್ತೆ ಅಂತ. ಹುಳು ಮನೆ.’

ಅವರು ನಗಲಿಲ್ಲ, ನಗಬಹುದಿತ್ತು. ‘ಹಿಟ್ಟಿಗೆ ನೀರು ಹಾಕಿದ್ರೆ ಏನಾಗ್ತದೆ? ಮುದ್ದೆ. ತೂತಿನ ತಳದಲ್ಲಿ ಮುದ್ದೆ ಕೂತಿತ್ತು, ಸ್ಕ್ರೂ ಅದರ ಮೇಲೆ ನಿಂತಿತು. ಇಳಿಯೋಕೆ ಜಾಗ ಎಲ್ಲಿ? ಬಿಟ್ ಸರಿಯಿತ್ತು ಬೇಟಿ. ಒಣಗಿದ್ದೇ ಹೊಡೀಬೇಕು, ಪುಡಿ ಪೂರಾ ಆಚೆ ತೆಗೀಬೇಕು.’

ಹಳೆಯ ಬಿಟ್ಟಿನ ಮೂತಿ ಮೊಂಡಾಗಿದೆ, ಮೊಂಡಾದ ಬಿಟ್ ತೂತನ್ನು ಇನ್ನೂ ಕಿರಿದು ಮಾಡುತ್ತದೆ ಅಂತ ಹೇಳಿ ಹೊಸ ಆರು ಎಂಎಂ ಕೊಟ್ಟರು. ಕೆಟ್ಟ ತೂತಿನ ಪಕ್ಕದಲ್ಲೇ ಹೊಡೆಯಬೇಡಿ, ನಾಲ್ಕು ಬೆರಳು ದೂರ ಹೋಗಿ ಅಂದರು. ಕಂಬಿ ಒಂದೇ ತುಂಡು. ಸರಿಸಿದರೆ ಎರಡು ಕಾಲೂ ಮೆಟ್ಟಿಲ ಒಳಕ್ಕೆ ಸರಿಯುತ್ತವೆ, ಸೊಪ್ಪಿನ ಬುಟ್ಟಿಗೆ ದಾರಿ ಕಿರಿದಾಗುತ್ತದೆ. ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ. ನೀರು ಹಾಕಿಸಿದ್ದು ತಾನೇ ಎಂಬುದು ಅವಳಿಗೆ ಅರ್ಥವಾಯಿತು.

‘ಬುಟ್ಟಿ ಓರೆ ಹಿಡ್ಕೊಂಡ್ರಾಯ್ತು. ಸರ್ಸಿ.’

‘ಧೂಳು?’

‘ಮನೆ ಇನ್ನೊಂದ್ಸಲ ತೊಳ್ಯಣ. ಪುಡಿ ತೆಗ್ಯಕ್ಕೆ ಆ ಗೋಡೆ ಮಾಡದಾಗೆ ಕೋಳಿ ಗರಿ ಐತೆ ನೋಡು.’

ಆ ಗರಿಗಳು ಹಳೆಯವು. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಹುಳು ಎಳ್ಳಿಗಿಂತ ಸಣ್ಣ. ಕೈಯಲ್ಲಿ ಮುಟ್ಟಿದರೆ ಸಾಯುತ್ತದೆ, ಗರಿಯಲ್ಲೇ ಗುಡಿಸಿ ಸೊಪ್ಪಿನ ಮೇಲೆ ಬಿಡಬೇಕು. ಈಗ ಎರಡು ಜ್ವರ ದಾಟಿದ ಚಾಕಿ ಹುಳುವನ್ನೇ ತರಿಸುವುದರಿಂದ ಗರಿಗೆ ಕೆಲಸವಿಲ್ಲ. ಒಂದನ್ನು ತೆಗೆದು ಒಂದು ಪೈಪಿನ ತುಂಡಿನೊಳಗೆ ತೂರಿಸಿ ನೋಡಿದೆ. ಆರು ಎಂಎಂ ತೂತಿಗೆ ಅಳತೆ ತೆಗೆದು ಮಾಡಿದಂತಿತ್ತು.

ಜೂನ್ ಇಪ್ಪತ್ತೆರಡು, ಭಾನುವಾರ. ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ನಡುವೆ ತೂತು ಮಾಡಿ ಬಿಟ್ಟಿಗೆ ಏರಿಸಿದೆವು, ಪುಡಿ ಅದರೊಳಗೇ ಬೀಳುವಂತೆ. ಮಾವ ಹೊಡೆಯುವುದು, ನಾನು ಗರಿ ಆಡಿಸುವುದು, ಮತ್ತೆ ಬಿಟ್ ಒಮ್ಮೆ ಒಳಗೆ ಹೊರಗೆ, ಮತ್ತೆ ಗರಿ. ಪ್ರತಿ ತೂತಿಗೆ ಎಂಟು ಸಲ ಗರಿ. ಮಾವ ‘ಮಗುಗೆ ಕಿವಿ ತೊಳ್ದಂಗೆ ತೊಳೀತಿಯಲ್ಲಮ್ಮ’ ಅಂದರು. ಮೊದಲ ಸ್ಕ್ರೂ ಹೊರಟಿತು. ಮುಕ್ಕಾಲು ದಾಟಿತು. ಸ್ಪ್ಯಾನರ್ ಬಿಗಿಯಾಗುತ್ತ ಹೋಗಿ, ತಲೆ ತಗಡಿಗೆ ಕಚ್ಚಿ ನಿಂತಿತು. ಮಾವ ಇನ್ನೊಂದು ಕಾಲು ಸುತ್ತಿಗೆ ಕೈ ಹಾಕಿದರು. ಕೈ ಹಿಡಿದುಕೊಂಡೆ.

ಮೇಲಿನ ನಾಲ್ಕೂ ಕೂತವು. ಕೆಳಗಿನ ಮೂರು ಕೂತವು. ಕೊನೆಯದರಲ್ಲಿ ಬಿಟ್ ಅರ್ಧ ಇಳಿದು ಕಿರುಚಿತು, ಕಿಡಿ ಬಂತು. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು. ಕಂಬಿಯನ್ನು ಇನ್ನೆಲ್ಲಿಗೂ ಸರಿಸುವಂತಿರಲಿಲ್ಲ. ಆ ತೂತನ್ನು ಹಾಗೆಯೇ ಬಿಟ್ಟೆವು.

ನಾನು ಕೈಹಿಡಿಗೆ ಜೋತುಬಿದ್ದೆ, ಕಾಲು ನೆಲ ಬಿಟ್ಟು. ಆಮೇಲೆ ಮಾವ. ಆಮೇಲೆ ಇಬ್ಬರೂ ಸೇರಿ ಆಚೆ ಈಚೆ ಎಳೆದೆವು. ಅದುರಲಿಲ್ಲ. ಪ್ರತಿ ಸ್ಕ್ರೂವಿನ ತಲೆಗೂ ಪೆನ್ನಿನಲ್ಲಿ ಗೀರು ಹಾಕಿದ್ದೆ, ತಿರುಗಿದ್ದರೆ ತಿಳಿಯಲಿ ಅಂತ. ಯಾವುದೂ ತಿರುಗಿರಲಿಲ್ಲ.

‘ಎಷ್ಟು ಹಿಡಿದೈತೆ?’ ಅಂದಳು ಅಮ್ಮ.

ಎಂಟು ಅಂದಿದ್ದರೆ ಅವಳು ಬಗ್ಗಿ ನೋಡುತ್ತಿರಲಿಲ್ಲ, ಬಗ್ಗಲು ಆಗುವುದೂ ಇಲ್ಲ. ಮಾವ ನನ್ನ ಮುಖ ನೋಡಿದರು.

‘ಏಳು. ಕೆಳಗಿಂದು ಒಂದು ಹಿಡೀಲಿಲ್ಲ.’

‘ಏಳು ಹಿಡಿದೈತೆ ಅಂತ ನಿಂಗೆ ಗ್ಯಾರಂಟಿನಾ?’

‘ಹೂಂ.’

ಅವಳು ವಾಕರನ್ನು ಪಕ್ಕಕ್ಕೆ ತಳ್ಳಿದಳು. ನಾನು ಹಿಂದೆ ಹೋಗಿ ನಿಂತೆ, ಕೈ ಚಾಚಿ, ಮುಟ್ಟದೆ. ‘ದೂರ ನಿಂತ್ಕೋ’ ಅಂದಳು. ಒಂದು ಹೆಜ್ಜೆ ಹಿಂದೆ ಸರಿದೆ. ಬಲಗೈ ಕಂಬಿಯ ಮೇಲೆ, ಒಳ್ಳೆಯ ಕಾಲು ಮೊದಲ ಮೆಟ್ಟಿಲ ಮೇಲೆ, ಆಮೇಲೆ ರಾಡ್ ಇರುವ ಕಾಲು ಅದರ ಪಕ್ಕಕ್ಕೆ. ನಿಂತಳು. ನಾನು ನೋಡುತ್ತಿದ್ದದ್ದು ಅವಳನ್ನಲ್ಲ, ಕೆಳಗಿನ ತಗಡಿನ ಖಾಲಿ ತೂತನ್ನು. ಎರಡನೇ ಮೆಟ್ಟಿಲು. ಮತ್ತೆ ನಿಂತಳು, ಇಲ್ಲಿ ಹೆಚ್ಚು ಹೊತ್ತು. ಮೂರನೆಯದು. ಕಟ್ಟೆ. ಬಾಗಿಲ ಚಿಲಕವನ್ನು ಅವಳೇ ತೆಗೆದಳು, ಚೌಕಟ್ಟು ಹಿಡಿದು ಒಳಗೆ ಹೋದಳು. ಅವಳು ಬಿದ್ದು ಎಂಟು ತಿಂಗಳು ಮೂರು ದಿನ ಆಗಿತ್ತು.

ತಗಡಿನ ಹತ್ತಿರ ಬಗ್ಗಿ ಪೆನ್ನಿನ ಗೀರುಗಳನ್ನು ಮತ್ತೆ ನೋಡಿದೆ. ಏಳೂ ಇದ್ದಲ್ಲೇ ಇದ್ದವು. ಆಗ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎರಡು ವಾರದ ಬಸ್ಸು, ಅಂಗಡಿ, ಕೆಸರು, ಎಲ್ಲ ಒಟ್ಟಿಗೇ ಬಂದು ಹೆಗಲ ಮೇಲೆ ಕೂತಂತಿತ್ತು. ಮಾವ ಮಿಷನ್ನಿನ ವೈರ್ ಸುತ್ತುತ್ತಿದ್ದರು. ಒಳಗೆ ಅಮ್ಮ ಖಾಲಿ ಸ್ಟ್ಯಾಂಡುಗಳನ್ನು ಹಿಡಿದು ಹಿಡಿದು ನಡೆಯುವ ಸದ್ದು ಕೇಳಿಸುತ್ತಿತ್ತು. ಒಂದು ಗೋಡೆ ಮುಗಿಸಿ ಇನ್ನೊಂದು ಗೋಡೆಗೆ ಹೋದಳು. ಕೊನೆಯ ಮೂಲೆಯಲ್ಲಿ ನಿಂತಳು.

‘ಲೇ,’ ಅಂದಳು ಒಳಗಿನಿಂದ. ‘ಇಲ್ಲಿ ಯಾರು ಸುಣ್ಣ ಹಾಕಿದ್ದು? ಈ ಮೂಲೆ ಪೂರಾ ಬಿಟ್ಟೋಗೈತೆ. ಹೋದ್ಸಲಾನೂ ಹಿಂಗೇ ಬಿಟ್ಟಿದ್ರೇನು?’

ಹೋದ ಸಲ, ಹಾಲುತೊಂಡೆ ಬಂದ ಆ ಬೆಳೆಗೆ ಮುಂಚೆಯೂ, ನಾನೇ ಹಾಕಿದ್ದು. ಬಿಟ್ಟಿದ್ದೆನೋ ಇಲ್ಲವೋ ನೆನಪಿಲ್ಲ. ಡೈರಿಯಲ್ಲಿ ಆ ದಿನ ‘ಸುಣ್ಣ, ಆಯಿತು’ ಅಂತಷ್ಟೇ ಇದೆ.

‘ಬಕೆಟ್ ತಗೊಂಡ್ ಬಾ. ನಾನಿಲ್ಲೇ ನಿಂತಿರ್ತೀನಿ, ನನ್ ಕಣ್ಣೆದ್ರಿಗೇ ಹಾಕು.’

ಬಂದೆ ಅಂದೆ. ಏಳಲು ಸ್ವಲ್ಪ ಹೊತ್ತು ಬೇಕಾಯಿತು.